ಹತ್ತರಲ್ಲೊಂದೋ, ಇಪ್ಪತ್ತರಲ್ಲೊಂದೋ

1511ರಲ್ಲಿ ಮೆಕ್ಕಾದಲ್ಲಿ ಕಾಫಿಯ ಮೇಲೆ ವಿಚಾರಣೆ ನಡೆಯಿತು. ಈಜಿಪ್ಟಿನ ಮಮ್ಲೂಕ್ ಸುಲ್ತಾನನ ಪರವಾಗಿ ಊರಿನ ಶಿಸ್ತು ನೋಡಿಕೊಳ್ಳುತ್ತಿದ್ದ ಖೈರ್ ಬೇಗ್ ಅನ್ನೋ ಅಧಿಕಾರಿಗೆ, ರಾತ್ರಿ ಹೊತ್ತು ಜನ ಗುಂಪಾಗಿ ಕೂತು ಕಾಫಿ ಕುಡಿಯೋದು ಸರಿಕಾಣಲಿಲ್ಲ. ಪಂಡಿತರನ್ನು ಸೇರಿಸಿದ. ವೈದ್ಯರಿಂದ ಸಾಕ್ಷಿ ಹೇಳಿಸಿದ. ಮೈಗೂ ಮನಸ್ಸಿಗೂ ಕೆಟ್ಟದ್ದು ಅಂತ ತೀರ್ಮಾನವಾಯಿತು. ಸಿಕ್ಕಿದ ಕಾಫಿಯನ್ನೆಲ್ಲ ಬೀದಿಯಲ್ಲಿ ಸುಟ್ಟರು. ಸುದ್ದಿ ಕೈರೋ ತಲುಪಿತು. ಅಲ್ಲಿಂದ ಬಂದ ಉತ್ತರ ಮಾತ್ರ ಮೆತ್ತಗಿತ್ತು. ಗುಂಪು ಕಟ್ಟಿಕೊಂಡು ಗಲಾಟೆ ಮಾಡೋದು ಬೇಡ, ಕಾಫಿ ಕುಡಿಯೋರು ಕುಡಿಯಲಿ ಅಂತ ಅದರ ಸಾರ.

ಯೆಮನ್ನಿನ ಸೂಫಿಗಳು ಆಗಲೇ ರಾತ್ರಿಯ ಧ್ಯಾನಕ್ಕೆ ನಿದ್ದೆ ಬಾರದಿರಲಿ ಅಂತ ಕಾಫಿ ಕುಡಿಯುತ್ತಿದ್ದರು. ಅಂದರೆ ಒಂದೇ ಪಾನೀಯ, ಒಂದೇ ಧರ್ಮ. ಒಬ್ಬರಿಗೆ ಅದು ಪ್ರಾರ್ಥನೆಗೆ ನೆರವು, ಇನ್ನೊಬ್ಬರಿಗೆ ಹೆಂಡದ ತಮ್ಮ. ಕೊನೆಗೆ ಗೆದ್ದದ್ದು ಯಾವುದು ಅಂತ ಚಿಕ್ಕಮಗಳೂರಿನವರಿಗೆ ಹೇಳಬೇಕಾಗಿಲ್ಲ. ಬಾಬಾಬುಡನ್ ಹಜ್ ಮುಗಿಸಿ ಬರುವಾಗ ಮೋಕಾದಿಂದ ಏಳು ಬೀಜ ತಂದು ಗಿರಿಯಲ್ಲಿ ನೆಟ್ಟರು ಅನ್ನೋ ಕಥೆ ಕೇಳಿಯೇ ನಾವೆಲ್ಲ ಬೆಳೆದವರು. ಕಥೆ 17ನೇ ಶತಮಾನದ್ದು. ಏಳೇ ಬೀಜ ಅಂತ ಎಣಿಸಿದವರು ಯಾರೋ! (ಗಿರಿಯ ಈಗಿನ ಜಗಳಕ್ಕೆ ನಾನು ಇಲ್ಲಿ ಕೈ ಹಾಕುವುದಿಲ್ಲ. ಅದಕ್ಕೆ ಬೇರೆ ಕಡೆ ಬೇಕಾದಷ್ಟು ಜನ ಇದ್ದಾರೆ.)

ನಾನು ಕಾಫಿ ಬೆಳೆಯುವವಳಲ್ಲ, ಬೆಳೆಯುವವರ ಲೆಕ್ಕ ಬರೆಯುವವಳು. ತೆರಿಗೆ, ಜಿಎಸ್‌ಟಿ, ಬ್ಯಾಂಕಿಗೆ ಬೇಕಾದ ಕಾಗದ, ಇದೇ ಕೆಲಸ. ನನ್ನ ಹತ್ತಿರ ಬರುವವರಲ್ಲಿ ಮುಸ್ಲಿಂ ಬೆಳೆಗಾರರೂ ವ್ಯಾಪಾರಿಗಳೂ ಇದ್ದಾರೆ. ಆಲ್ದೂರು ಕಡೆಯ ಉರ್ದು ಮನೆಮಾತಿನ ಸಾಹೇಬರೊಬ್ಬರು, ಮೂಡಿಗೆರೆ ಕಡೆಯ ಬ್ಯಾರಿ ಹಾಜಿಯವರೊಬ್ಬರು, ಹೀಗೆ. ಇಸ್ಲಾಂ ಅಂದರೆ ಏನು ಅಂತ ನಾನು ಕಲಿತದ್ದು ಭಾಷಣದಿಂದಲ್ಲ, ಇವರ ಲೆಕ್ಕದ ಪುಸ್ತಕದಿಂದ. ಟಿವಿಯಲ್ಲಿ ಕಾಣುವ ಧರ್ಮ ಒಂದೇ ದನಿಯಲ್ಲಿ ಆಜ್ಞೆ ಹೊರಡಿಸುತ್ತದೆ. ಲೆಕ್ಕದ ಪುಸ್ತಕದಲ್ಲಿ ಕಂಡ ಧರ್ಮ ಚೌಕಾಸಿ ಮಾಡುತ್ತದೆ, ತಲೆ ಕೆರೆದುಕೊಳ್ಳುತ್ತದೆ, 'ಕೇಳಿ ಹೇಳ್ತೀನಿ' ಅನ್ನುತ್ತದೆ.

ಸಾಹೇಬರ ಉಶ್ರ್ ವಿಷಯವನ್ನೇ ತಗೊಳ್ಳಿ. ಉಶ್ರ್ ಅಂದರೆ ಬೆಳೆಯ ಮೇಲಿನ ಜಕಾತ್, ಅಂದರೆ ಕಡ್ಡಾಯ ದಾನ. ಪ್ರವಾದಿಯವರ ಮಾತು ಸರಳವಾಗಿದೆ: ಮಳೆ, ಒರತೆ ನೀರಿನಲ್ಲಿ ಬೆಳೆದದ್ದಕ್ಕೆ ಹತ್ತರಲ್ಲೊಂದು ಪಾಲು, ಮನುಷ್ಯ ಕಷ್ಟಪಟ್ಟು ನೀರು ಎತ್ತಿ ಹಾಯಿಸಿದ್ದಕ್ಕೆ ಅದರ ಅರ್ಧ, ಇಪ್ಪತ್ತರಲ್ಲೊಂದು. ಮರುಭೂಮಿಯ ಖರ್ಜೂರದ ತೋಟಕ್ಕೆ ಇದು ಹೊಂದುತ್ತದೆ. ಈಗ ಇದನ್ನು ನಮ್ಮ ರೊಬಸ್ಟಾ ತೋಟಕ್ಕೆ ತನ್ನಿ. ವರ್ಷವೆಲ್ಲ ನೀರು ಕೊಡುವುದು ಆಕಾಶವೇ. ಜೂನ್‌ನಿಂದ ಸುರಿಯೋ ಮಳೆಗೆ ಯಾರೂ ಕರೆಂಟ್ ಬಿಲ್ ಕಟ್ಟುವುದಿಲ್ಲ. ಆದರೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ಕೆರೆಗೆ ಮೋಟರ್ ಇಳಿಸಿ, ಪೈಪ್ ಎಳೆದು, ಸ್ಪ್ರಿಂಕ್ಲರ್ ಹಾಕಲೇಬೇಕು. ಆಮೇಲೆ ಕಾಯಿ ನಿಲ್ಲೋಕೆ ಇನ್ನೊಂದು ಸಲ. ಲೀಟರ್ ಲೆಕ್ಕದಲ್ಲಿ ನೋಡಿದರೆ ಆ ನೀರು ಮಳೆಯ ಮುಂದೆ ಏನೂ ಅಲ್ಲ. ಆದರೆ ಆ ನೀರಿಲ್ಲದಿದ್ದರೆ ಹೂವೇ ಇಲ್ಲ, ಹೂವಿಲ್ಲದಿದ್ದರೆ ಫಸಲೇ ಇಲ್ಲ. ಹಾಗಾದರೆ ಹತ್ತರಲ್ಲೊಂದೋ, ಇಪ್ಪತ್ತರಲ್ಲೊಂದೋ?

ಹಳೇ ಪಂಡಿತರು ಎರಡೂ ಬಗೆಯ ನೀರು ಕುಡಿದ ಬೆಳೆಯ ಬಗ್ಗೆ ಯೋಚಿಸಿಲ್ಲ ಅಂತಲ್ಲ. ಯಾವುದು ಜಾಸ್ತಿಯೋ ಅದರ ಲೆಕ್ಕ ಹಿಡಿ ಅಂದಿದ್ದಾರೆ. ಜಾಸ್ತಿ ಅಂದರೆ ನೀರಿನ ಪ್ರಮಾಣವೋ, ಖರ್ಚೋ, ಬೆಳೆಗೆ ಆದ ಉಪಕಾರವೋ ಅನ್ನುವಲ್ಲಿ ಗಂಟು ಬೀಳುತ್ತದೆ. ಸಾಹೇಬರು ಊರಿನ ಮೌಲ್ವಿಯವರನ್ನು ಕೇಳಿದರು. ಅವರು ಬಿಹಾರದವರು. ಗೋಧಿ, ಭತ್ತ ಬಲ್ಲರು, ಕಾಫಿ ಗಿಡ ಇಲ್ಲಿಗೆ ಬಂದ ಮೇಲೆ ನೋಡಿದವರು. ಒಂದು ಬೆಳಗ್ಗೆ ಅವರನ್ನೇ ತೋಟಕ್ಕೆ ಕರೆದುಕೊಂಡು ಹೋಗಿ ಸ್ಪ್ರಿಂಕ್ಲರ್ ತೋರಿಸಿದರಂತೆ. ಡೀಸೆಲ್ ಬಿಲ್ಲು ನನ್ನ ಫೈಲಿನಿಂದ ಹೋಯಿತು! ಮೌಲ್ವಿಯವರು ಬಿಲ್ಲನ್ನು ಎರಡು ಸಲ ಓದಿ, ಸ್ಪ್ರಿಂಕ್ಲರ್ ಹಾಕಿದ ಬ್ಲಾಕಿಗೆ ಒಂದು ಲೆಕ್ಕ, ಬರೀ ಮಳೆಯಲ್ಲಿ ಬೆಳೆದ ಅರೇಬಿಕಾ ಬ್ಲಾಕಿಗೆ ಇನ್ನೊಂದು ಲೆಕ್ಕ ಅಂದರು. ನನಗೆ ಇಷ್ಟವಾದದ್ದು ಇದು. ಕಿತಾಬು ಓದಿದವರು ಡೀಸೆಲ್ ಬಿಲ್ಲನ್ನೂ ಓದಿದರು.

ಇನ್ನು ಕೂಲಿ, ಗೊಬ್ಬರದ ಖರ್ಚು ಕಳೆದು ಉಳಿದದ್ದಕ್ಕೆ ಕೊಡೋದೋ, ಒಟ್ಟು ಫಸಲಿಗೋ? ಸಾಹೇಬರದು ಹನಫಿ ಪಂಥ, ಸುನ್ನಿಗಳ ನಾಲ್ಕು ಪಂಥಗಳಲ್ಲಿ ಒಂದು. ಅದರ ಹಳೇ ಅಭಿಪ್ರಾಯದಲ್ಲಿ ಒಟ್ಟು ಫಸಲಿಗೇ. ಕಾಫಿಯಲ್ಲಿ ಅರ್ಧ ದುಡ್ಡು ಕೂಲಿಗೇ ಹೋಗುತ್ತೆ ಮೇಡಂ, ಒಟ್ಟು ಫಸಲಿಗೆ ಹತ್ತು ಪರ್ಸೆಂಟ್ ಅಂದ್ರೆ ಎಲ್ಲಿ ಬದುಕೋದು ಅಂತ ಸಾಹೇಬರು ನನ್ನ ಮುಂದೆ ಗೊಣಗುತ್ತಾರೆ. ಗೊಣಗಿಕೊಂಡೇ ಕೊಡುತ್ತಾರೆ. ಭಾರತದ ಜಮೀನಿಗೆ ಉಶ್ರ್ ಅನ್ವಯಿಸುತ್ತದಾ ಅನ್ನುವುದರ ಮೇಲೇ ಉಲೇಮಾಗಳಲ್ಲಿ, ಅಂದರೆ ಧರ್ಮಪಂಡಿತರಲ್ಲಿ, ಹಳೇ ಚರ್ಚೆ ಇದೆ. ಆ ಬಾಗಿಲಿಂದ ಹೊರಗೆ ಹೋಗಬಹುದಿತ್ತು, ಹೋಗಲಿಲ್ಲ.

ಮಜಾ ಇರೋದು ಹಾಜಿಯವರ ಕಡೆ. ಅವರು ಶಾಫಿ ಪಂಥ, ಕರಾವಳಿಯಿಂದ ಘಟ್ಟ ಹತ್ತಿ ಬಂದ ಬ್ಯಾರಿಗಳು ಹೆಚ್ಚಾಗಿ ಶಾಫಿಗಳೇ. ಆ ಪಂಥದಲ್ಲಿ ಬೆಳೆಯ ಜಕಾತ್ ಇರುವುದು ಹೊಟ್ಟೆ ತುಂಬಿಸುವ, ಕೂಡಿಡಬಹುದಾದ ಬೆಳೆಗೆ: ಅಕ್ಕಿ, ಗೋಧಿ, ಖರ್ಜೂರ, ಇಂಥವಕ್ಕೆ. ಕಾಫಿ ಕುಡಿದು ಯಾರ ಹೊಟ್ಟೆಯೂ ತುಂಬುವುದಿಲ್ಲ. ಹಾಗಾಗಿ ಗಿಡದ ಮೇಲಿನ ಕಾಫಿಗೆ ಉಶ್ರ್ ಇಲ್ಲ. ಅದೇ ಕಾಫಿ ಗೋಡೌನಿಗೆ ಬಂದು ವ್ಯಾಪಾರದ ಸರಕಾದರೆ ವರ್ಷದ ಕೊನೆಗೆ ಎರಡೂವರೆ ಪರ್ಸೆಂಟ್ ಜಕಾತ್. ಅಕ್ಕಪಕ್ಕದ ತೋಟ, ಒಂದೇ ಬೇಲಿ, ಒಂದೇ ಮಳೆ, ಒಂದೇ ದೇವರು. ಕೊಡುವ ಲೆಕ್ಕ ಮಾತ್ರ ಬೇರೆ. ಇದರಲ್ಲಿ ಯಾರು ಸರಿ ಅಂತ ಹೇಳೋ ಪೋಪ್ ಇಲ್ಲ. ಸುನ್ನಿಗಳಲ್ಲಿ ನಾಲ್ಕು ಪಂಥಗಳೂ ಒಂದನ್ನೊಂದು ಸರಿ ಅಂತಲೇ ಒಪ್ಪಿಕೊಂಡು ಸಾವಿರ ವರ್ಷ ಬಾಳಿವೆ.

ನಮ್ಮ ಸರ್ಕಾರವೂ ಕಾಫಿಯ ಮೇಲೆ ಗೆರೆ ಎಳೆದಿದೆ. ಬೆಳೆದು ಹಾಗೇ ಮಾರಿದರೆ ಪೂರ್ತಿ ಕೃಷಿ ಆದಾಯ. ಬೆಳೆದವರೇ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮಾಡಿ ಮಾರಿದರೆ ಲಾಭದ 25% ತೆರಿಗೆಗೆ ಬರುತ್ತದೆ, ಹುರಿದು ಪುಡಿ ಮಾಡಿದರೆ 40%. ಆದಾಯ ತೆರಿಗೆಯ 7ಬಿ ನಿಯಮ ಅಂತ ನಾವು ಬಾಯಿಪಾಠ ಮಾಡಿದ್ದು ಇದನ್ನೇ. ದಿಲ್ಲಿಯವರು ಗೆರೆ ಎಳೆದದ್ದು ಯಂತ್ರದ ಹತ್ತಿರ, ಮದೀನಾದ ಪ್ರವಾದಿಯವರು ಎಳೆದದ್ದು ನೀರಿನ ಹತ್ತಿರ. ಬೆಳೆಗಾರನ ಸಂಕಟ ಯಾವುದಕ್ಕೆ ಚೆನ್ನಾಗಿ ಗೊತ್ತಿದೆ ಅಂತ ಕೇಳಿದರೆ ನಾನು ಎರಡನೆಯದರ ಕಡೆ ಕೈ ಎತ್ತುತ್ತೇನೆ.

ಕೊಪ್ಪ, ಶೃಂಗೇರಿ ಕಡೆ ಚೇಣಿ ಅಂದರೆ ಎಲ್ಲರಿಗೂ ಗೊತ್ತು. ಮರದ ಮೇಲಿರುವ ಅಡಿಕೆಯನ್ನೇ ಅಂದಾಜಿನ ಮೇಲೆ ಮಾರುವುದು. ಮೆಣಸನ್ನೂ ಕೆಲವರು ಬಳ್ಳಿಯಲ್ಲೇ ಮಾರುತ್ತಾರೆ. ಕೆಲವು ಸಲ ಕೈಗೆ ದುಡ್ಡು ಬೇಕು ಅಂತ ಮುಂದಿನ ಎರಡು ಮೂರು ವರ್ಷದ ಫಸಲನ್ನೂ ಈಗಲೇ ಮಾತಾಡಿಬಿಡುತ್ತಾರೆ. ಇಸ್ಲಾಮಿನ ವ್ಯಾಪಾರ ನೀತಿ ಇಲ್ಲಿ ತುಂಬ ಬಿಗಿ. ಹಣ್ಣು ಬಲಿಯುವ ಲಕ್ಷಣ ಕಾಣುವ ಮೊದಲು ಮಾರಬೇಡಿ ಅಂತ ಪ್ರವಾದಿಯವರು ಹೇಳಿದ್ದು ಹದೀಸಿನಲ್ಲಿದೆ (ಅವರ ನಡೆನುಡಿಯ ದಾಖಲೆಗೆ ಹದೀಸು ಅಂತಾರೆ). ಕಾರಣವೂ ಅಲ್ಲೇ ಇದೆ: ದೇವರು ಫಸಲನ್ನೇ ತಡೆದರೆ ನಿನ್ನ ಸಹೋದರನ ದುಡ್ಡನ್ನು ಯಾವ ಹಕ್ಕಿನಿಂದ ತಗೊಳ್ತೀಯ? ಕೊಳೆರೋಗ ಬಂದ ವರ್ಷ ಚೇಣಿದಾರ ಮನೆ ಮುಂದೆ ನಿಂತು ಬೈದದ್ದನ್ನು ನೋಡಿದ ಯಾರಿಗಾದರೂ ಈ ಪ್ರಶ್ನೆ ಕಿವಿಗೆ ನಾಟುತ್ತದೆ.

ಹಾಗಂತ ರೈತನಿಗೆ ಮುಂಗಡವೇ ಬೇಡ ಅಂದರೆ ಅವನು ಬದುಕೋದು ಹೇಗೆ? ಅದಕ್ಕೂ ದಾರಿ ಇಟ್ಟಿದ್ದಾರೆ. ಪ್ರವಾದಿಯವರು ಮದೀನಾಕ್ಕೆ ಬಂದಾಗ ಅಲ್ಲಿಯವರು ಖರ್ಜೂರಕ್ಕೆ ವರ್ಷಗಟ್ಟಲೆ ಮುಂಚೆಯೇ ದುಡ್ಡು ಕೊಡುತ್ತಿದ್ದರು. ಅದನ್ನು ನಿಲ್ಲಿಸಲಿಲ್ಲ. ಗೊತ್ತಾದ ಅಳತೆ, ಗೊತ್ತಾದ ತೂಕ, ಗೊತ್ತಾದ ದಿನ ಇರಲಿ ಅಂದರು. ಇದಕ್ಕೆ ಸಲಮ್ ಅಂತಾರೆ. ವ್ಯತ್ಯಾಸ ಇಷ್ಟೇ. 'ಈ ತೋಟದ ಈ ಬಳ್ಳಿಯಲ್ಲಿ ಬಂದದ್ದೆಲ್ಲ' ಅಂತ ಮಾರುವ ಹಾಗಿಲ್ಲ. 'ಇಂಥ ಗುಣಮಟ್ಟದ ಮೆಣಸು ಇಷ್ಟು ಕ್ವಿಂಟಲ್, ಏಪ್ರಿಲ್ ಇಂಥ ತಾರೀಕಿಗೆ' ಅಂತ ಮಾರಬಹುದು, ಪೂರ್ತಿ ದುಡ್ಡು ಮುಂಚೆಯೇ ಕೊಡಬೇಕು. ಹಾಜಿಯವರು ಮೆಣಸಿನ ವ್ಯಾಪಾರದಲ್ಲಿ ಇದನ್ನೇ ಮಾಡುತ್ತಾರೆ. ಹೆಸರು ಅವರೂ ಹೇಳುವುದಿಲ್ಲ, ಮಾರುವ ಗೌಡರಿಗೂ ಗೊತ್ತಿಲ್ಲ. ಒಂದು ಹಾಳೆಯಲ್ಲಿ ತೂಕ, ತೇವಾಂಶ, ದರ, ದಿನ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಅದರ ಒಂದು ಪ್ರತಿ ನನ್ನ ಫೈಲಿಗೆ.

ಬರೆಯುವ ವಿಷಯ ಬಂತಲ್ಲ, ಕುರಾನಿನ ಅತಿ ಉದ್ದದ ವಚನ ಯಾವುದು ಗೊತ್ತಾ? ಸ್ವರ್ಗ ನರಕದ್ದಲ್ಲ. ಎರಡನೇ ಅಧ್ಯಾಯದ 282ನೇ ವಚನ, ಸಾಲದ ಪತ್ರ ಬರೆಯೋದರ ಬಗ್ಗೆ. ಬರೆಯುವವನು ನ್ಯಾಯವಾಗಿ ಬರೆಯಲಿ, ಸಾಲ ತಗೊಂಡವನೇ ಹೇಳಿ ಬರೆಸಲಿ, ಸಾಕ್ಷಿ ಇರಲಿ, ಮೊತ್ತ ಸಣ್ಣದು ಅಂತ ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಸುಬಿಗೆ ಇಷ್ಟು ಮರ್ಯಾದೆ ಕೊಟ್ಟ ಧರ್ಮಗ್ರಂಥ ನಾನು ಬೇರೆ ನೋಡಿಲ್ಲ. ಮಲೆನಾಡಿನಲ್ಲಿ ಇವತ್ತಿಗೂ ಕಾಫಿ ಮಾಲನ್ನು ವ್ಯಾಪಾರಿಯ ಗೋಡೌನಿಗೆ ಹಾಕಿ, ದರ ಏರಿದಾಗ ಮಾರೋಣ ಅಂತ ಬರೀ ಚೀಟಿ ಹಿಡಿದು ಮನೆಗೆ ಬರುವವರಿದ್ದಾರೆ. ವ್ಯಾಪಾರಿ ಬಾಗಿಲು ಮುಚ್ಚಿಕೊಂಡು ಹೋದ ಮೇಲೆ ಆ ಚೀಟಿ ಹಿಡಿದು ನನ್ನ ಹತ್ತಿರ ಬರುತ್ತಾರೆ. ಜಾತಿ ಮತದ ಭೇದ ಇಲ್ಲದೆ ಎಲ್ಲರೂ!

ಬಡ್ಡಿಯ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. ವ್ಯಾಪಾರ ಸರಿ, ಬಡ್ಡಿ ತಪ್ಪು ಅಂತ ಕುರಾನ್ ನೇರವಾಗಿ ಹೇಳುತ್ತದೆ. ಬ್ಯಾಂಕಿನ ಬಡ್ಡಿಯೂ ಅದೇನಾ ಅನ್ನುವಲ್ಲಿ ಬಹುಪಾಲು ಪಂಡಿತರು ಹೌದು ಅನ್ನುತ್ತಾರೆ. 1989ರಲ್ಲಿ ಈಜಿಪ್ಟಿನ ಮುಫ್ತಿಯಾಗಿದ್ದ, ಅಂದರೆ ಧರ್ಮದ ಪ್ರಶ್ನೆಗಳಿಗೆ ಅಭಿಪ್ರಾಯ ಕೊಡುವ ಪಂಡಿತರಾಗಿದ್ದ ಮುಹಮ್ಮದ್ ಸಯ್ಯದ್ ತಂತಾವಿ, ಸರ್ಕಾರಿ ಉಳಿತಾಯ ಪತ್ರದ ಬಡ್ಡಿ ತಪ್ಪಲ್ಲ ಅಂದಾಗ ದೊಡ್ಡ ಜಗಳವೇ ಆಯಿತು. ನಮ್ಮಲ್ಲಿ 2008ರಲ್ಲಿ ರಘುರಾಮ್ ರಾಜನ್ ಸಮಿತಿ ಬಡ್ಡಿಯಿಲ್ಲದ ಬ್ಯಾಂಕಿಂಗ್ ಬಗ್ಗೆ ಯೋಚಿಸಿ ಅಂತ ಶಿಫಾರಸು ಮಾಡಿತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪ ಮುಂದುವರಿಸುವುದಿಲ್ಲ ಅಂತ ಹೇಳಿ ಕೈತೊಳೆದುಕೊಂಡಿತು. ಹಾಗಾಗಿ ಸಾಹೇಬರ ಉಳಿತಾಯ ಖಾತೆಗೆ ಮೂರು ತಿಂಗಳಿಗೊಮ್ಮೆ ಬಡ್ಡಿ ಬೀಳುತ್ತಲೇ ಇರುತ್ತದೆ. ಅದನ್ನು ನಾನು ಬೇರೆ ಹಾಳೆಯಲ್ಲಿ ಬರೆದಿಡಬೇಕು. ಅಷ್ಟೂ ದುಡ್ಡನ್ನು ಅವರು ಕಷ್ಟದಲ್ಲಿದ್ದವರಿಗೆ ಕೊಟ್ಟುಬಿಡುತ್ತಾರೆ, ಅದೂ ಪುಣ್ಯ ಬರುತ್ತದೆ ಅನ್ನೋ ಲೆಕ್ಕವಿಲ್ಲದೆ. ತನ್ನದಲ್ಲದ ದುಡ್ಡು ಕೊಟ್ಟು ಪುಣ್ಯ ಕೇಳೋದು ಹೇಗೆ ಅಂತ ಅವರ ವಾದ. ಆದಾಯ ತೆರಿಗೆ ಇಲಾಖೆಗೆ ಈ ಸೂಕ್ಷ್ಮ ಬೇಕಿಲ್ಲ. ಖಾತೆಗೆ ಬಿದ್ದದ್ದು ಆದಾಯ, ತೋರಿಸಿ ಅನ್ನುತ್ತದೆ. ತೋರಿಸುತ್ತೇವೆ.

ಬ್ಯಾಂಕು ಬಿಟ್ಟ ಈ ಜಾಗಕ್ಕೆ ಯಾರು ಬಂದು ಕೂತರು ಅಂತ ಕರ್ನಾಟಕದವರಿಗೆ ಗೊತ್ತು. ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ, ಐಎಂಎ ಅಂತ ಎಲ್ಲರ ಬಾಯಲ್ಲಿದ್ದ ಕಂಪನಿ, ಚಿನ್ನದ ವ್ಯಾಪಾರದಲ್ಲಿ ಹಲಾಲ್ ಹೂಡಿಕೆ ಅಂತ ಹೇಳಿ ಹತ್ತಾರು ಸಾವಿರ ಜನರಿಂದ ದುಡ್ಡು ಎತ್ತಿತು. 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥ ದುಬೈಗೆ ಹಾರಿದ, ಮುಂದಿನ ತಿಂಗಳು ವಾಪಸ್ ಬಂದು ದಿಲ್ಲಿಯಲ್ಲಿ ಸಿಕ್ಕಿಬಿದ್ದ. ಒಬ್ಬ ಮೌಲ್ವಿಯ ಬಂಧನವೂ ಆಯಿತು. ಬಡ್ಡಿಗೆ ಹೆದರಿ ಬ್ಯಾಂಕಿನಲ್ಲಿ ಇಡದೆ, ಮಗಳ ಮದುವೆಗೆ ಅಂತ ಒಡವೆ ಮಾರಿ ದುಡ್ಡು ಇಟ್ಟವರ ಗೋಳು ಆಗ ಪೇಪರಿನಲ್ಲಿ ದಿನಾ ಬರುತ್ತಿತ್ತು.

ಲೆಕ್ಕದವಳಾಗಿ ನನಗೆ ಸಿಟ್ಟು ಬರುವುದು ಇಲ್ಲಿ. ಇಸ್ಲಾಮಿನ ಪಾಲುದಾರಿಕೆಯ ನಿಯಮ ಎಷ್ಟು ಖಡಕ್ ಅಂದರೆ, ಅದನ್ನು ನಿಜವಾಗಿ ಹಚ್ಚಿ ನೋಡಿದ್ದರೆ ಮೋಸ ಮೊದಲ ವರ್ಷವೇ ಕಾಣುತ್ತಿತ್ತು. ದುಡ್ಡು ಹಾಕಿದವನು ನಷ್ಟವನ್ನೂ ಹೊರಬೇಕು. ಲಾಭದ ಪಾಲು ಎಷ್ಟು ಅಂತ ಮಾತಾಡಬಹುದು, ಇಷ್ಟು ರೂಪಾಯಿ ಕೊಡ್ತೀನಿ ಅಂತ ಮಾತು ಕೊಡುವ ಹಾಗಿಲ್ಲ. ಲಾಭ ನಷ್ಟ ಎರಡರಲ್ಲೂ ಪಾಲು ಅಂದಮೇಲೆ ಯಾವತ್ತಾದರೂ ಒಂದು ನಷ್ಟದ ತಿಂಗಳು ಬರಬೇಕಲ್ಲ? ಚಿನ್ನದ ದರ ಬರೀ ಏರುತ್ತಾ? ವ್ಯಾಪಾರ ಮಾಡುವ ಎಷ್ಟೋ ಜನರೇ ಈ ಪ್ರಶ್ನೆ ಕೇಳಲಿಲ್ಲ. ಹಲಾಲ್ ಅನ್ನೋ ಬೋರ್ಡು ಕಂಡಿತು, ಗಡ್ಡ ಬಿಟ್ಟ ಹಿರಿಯರ ಹೊಗಳಿಕೆ ಕೇಳಿತು, ಸಾಕಾಯಿತು. ಡೀಸೆಲ್ ಬಿಲ್ಲು ಕೇಳುವ ಮೌಲ್ವಿ ಅಲ್ಲಿ ಬೇಕಿತ್ತು.

ಊಟದಲ್ಲೂ ಇದೇ ಕಥೆ. 2022ರ ಯುಗಾದಿ ಹೊತ್ತಿಗೆ, ಹೊಸತೊಡಕಿನ ದಿನ ಹಲಾಲ್ ಮಾಂಸ ಬೇಡ ಅನ್ನೋ ಅಭಿಯಾನ ಎದ್ದಾಗ ಹಾಸನ, ಚಿಕ್ಕಮಗಳೂರಿನಲ್ಲೂ ಮಾತು ಬಿಸಿಯಾಗಿತ್ತು. ಎರಡೂ ಕಡೆ ಕೂಗಾಡಿದವರು ಹಲಾಲ್ ಅನ್ನೋದನ್ನು ಒಂದು ಸ್ಟಿಕ್ಕರ್ ಥರ ನೋಡಿದರು. ಕೊಯ್ಯುವಾಗ ದೇವರ ಹೆಸರು ಹೇಳೋದು ಹನಫಿಗಳಿಗೆ ಕಡ್ಡಾಯ, ಶಾಫಿಗಳಿಗೆ ಹೇಳಿದರೆ ಒಳ್ಳೆಯದು. ಸೀಗಡಿ ಶಾಫಿ ಹಾಜಿಯವರ ಮನೆಯಲ್ಲಿ ಹಬ್ಬ, ಹನಫಿ ಮೌಲ್ವಿಗಳಲ್ಲಿ ಅದು ಮೀನು ಹೌದೋ ಅಲ್ಲವೋ ಅಂತ ಎರಡು ಮಾತು. ಕತ್ತಿ ಹರಿತ ಮಾಡಿಕೊಳ್ಳಿ, ಪ್ರಾಣಿಗೆ ನೋವು ಕಮ್ಮಿ ಮಾಡಿ ಅಂತ ಹದೀಸು ಇದೆ. ಟಿವಿ ಚರ್ಚೆಯಲ್ಲಿ ಅದನ್ನು ಎತ್ತಿದವರನ್ನು ನಾನು ನೋಡಲಿಲ್ಲ.

ನಮ್ಮ ಕಾಫಿಗೇ ಸಂಬಂಧಪಟ್ಟ ಉದಾಹರಣೆ ಇನ್ನೂ ಚೆನ್ನಾಗಿದೆ. ಪುನುಗು ಬೆಕ್ಕು ಹಣ್ಣು ತಿಂದು, ಹಿಕ್ಕೆಯಲ್ಲಿ ಬಿಟ್ಟ ಬೀಜದಿಂದ ಮಾಡುವ ಕಾಫಿ ಗೊತ್ತಲ್ಲ, ವಿದೇಶದಲ್ಲಿ ಅದಕ್ಕೆ ಭಾರೀ ಬೆಲೆ. ನಮ್ಮ ಕಡೆಯ ತೋಟದಲ್ಲೂ ಬಂಡೆಯ ಮೇಲೆ ಆ ಬೀಜದ ಉಂಡೆ ಸಿಗುತ್ತದೆ, ಬೀಜದ ಮೇಲಿನ ಗಟ್ಟಿ ಪಾರ್ಚ್‌ಮೆಂಟ್ ಸಿಪ್ಪೆ ಹಾಗೇ ಇರುತ್ತದೆ. ಇದು ಹಲಾಲಾ? ಇಂಡೋನೇಷ್ಯಾದ ಉಲೇಮಾ ಮಂಡಳಿ 2010ರಲ್ಲಿ ಕೂತು ಇದನ್ನು ತೀರ್ಮಾನಿಸಿತು. ಬೀಜ ಸಿಪ್ಪೆಯೊಳಗೆ ಇಡಿಯಾಗಿರಬೇಕು, ನೆಟ್ಟರೆ ಮೊಳೆಯುವಂತಿರಬೇಕು. ಹಾಗಿದ್ದರೆ ಅದು ಕೊಳೆ ಹತ್ತಿದ ವಸ್ತು ಅಷ್ಟೇ, ತಾನೇ ಕೊಳೆಯಲ್ಲ. ತೊಳೆದು ಕುಡಿಯಬಹುದು. ಮೊಳೆಯುತ್ತದಾ ನೋಡು ಅನ್ನೋ ಪರೀಕ್ಷೆ ಯಾವ ಕಾಫಿ ಬೋರ್ಡಿನವರೂ ಮೆಚ್ಚುವಂಥದ್ದು.

ಆದರೆ ಬೀಜ ಶುದ್ಧವಾಯಿತು, ಬೆಕ್ಕಿನ ಗತಿ ಏನು? ಬೇಡಿಕೆ ಏರಿದ ಮೇಲೆ ಅಲ್ಲಿ ಪುನುಗು ಬೆಕ್ಕುಗಳನ್ನು ಹಿಡಿದು ಬೋನಿನಲ್ಲಿಟ್ಟು ಬರೀ ಕಾಫಿ ಹಣ್ಣು ತಿನ್ನಿಸುವುದು ದಂಧೆಯಾಯಿತು. ಬೆಕ್ಕೊಂದನ್ನು ಕೂಡಿಹಾಕಿ, ತಾನೂ ಊಟ ಕೊಡದೆ, ಹೊರಗೆ ಬಿಟ್ಟು ತಿನ್ನಲೂ ಬಿಡದೆ ಸಾಯಿಸಿದ ಹೆಂಗಸು ನರಕಕ್ಕೆ ಹೋದಳು ಅಂತ ಹೆಸರಾಂತ ಹದೀಸು ಇದೆ. ತಿನ್ನುವುದು ಹಲಾಲೂ ಆಗಿರಲಿ, ಒಳ್ಳೆಯದೂ ಆಗಿರಲಿ ಅಂತ ಕುರಾನ್ ಎರಡು ಮಾತು ಜೊತೆಗೇ ಹೇಳುತ್ತದೆ. ಸರ್ಟಿಫಿಕೇಟು ಕೊಡುವವರು ಮೊದಲನೆಯದಕ್ಕೆ ಸೀಲು ಒತ್ತುತ್ತಾರೆ. ಎರಡನೆಯದಕ್ಕೆ ಸೀಲು ಮಾಡಿಸಿದವರು ಇನ್ನೂ ಸಿಕ್ಕಿಲ್ಲ.

ಇಷ್ಟಕ್ಕೂ ಕೊನೆ ಮಾತು ಯಾರದು? ಕಾನೂನಿನ ಮಟ್ಟಿಗೆ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ಫತ್ವಾ ಒಂದು ಅಭಿಪ್ರಾಯ, ಅದನ್ನು ಯಾರ ಮೇಲೂ ಹೇರುವ ಹಾಗಿಲ್ಲ. ಹಳೇ ಪದ್ಧತಿಯೂ ಹೆಚ್ಚುಕಮ್ಮಿ ಅದೇ. ಒಬ್ಬ ಮುಫ್ತಿಯ ಉತ್ತರ ಒಪ್ಪಿಗೆಯಾಗದಿದ್ದರೆ ಇನ್ನೊಬ್ಬರ ಬಾಗಿಲು ಇದೆ. ಈಗ ಬಾಗಿಲ ಬದಲು ಫೋನು. ಹಾಜಿಯವರ ಮಗ ವಾಟ್ಸಾಪಿನಲ್ಲಿ ಕೇರಳದ ಉಸ್ತಾದರೊಬ್ಬರನ್ನು (ಧರ್ಮ ಕಲಿಸುವ ಗುರು) ಕೇಳುತ್ತಾನೆ, ಯೂಟ್ಯೂಬಿನಲ್ಲಿ ಇಂಗ್ಲಿಷ್ ಮಾತಾಡುವ ಇನ್ನೊಬ್ಬರನ್ನು ನೋಡುತ್ತಾನೆ, ಊರ ಮಸೀದಿಯವರನ್ನು ಕೊನೆಗೆ ಕೇಳುತ್ತಾನೆ. ಅವನಿಗೆ ಅನುಕೂಲವಾದ ಉತ್ತರ ಮೊದಲು ಸಿಕ್ಕರೆ ಕೊನೆಯವರನ್ನು ಕೇಳುವುದೂ ಇಲ್ಲ. ಅಪ್ಪನಿಗೆ ಇದು ಸರಿಬರುವುದಿಲ್ಲ. ನಮ್ಮ ತೋಟ ನೋಡದವ್ರು ನಮ್ಮ ತೋಟದ್ದು ಹೇಳ್ತಾರಾ ಅಂತ ಅವರ ಸಿಡುಕು. ನನಗೆ ಅಪ್ಪನ ಮಾತೇ ಸರಿ ಕಾಣುತ್ತದೆ. ಆದರೆ ಮಗನ ಕಡೆಯೂ ನ್ಯಾಯ ಇದೆ. ಹತ್ತಿರದವರು ಅಂದ ಮಾತ್ರಕ್ಕೆ ಗಟ್ಟಿ ಅಲ್ಲ, ಐಎಂಎಗೆ ದುಡ್ಡು ಹಾಕಿ ಅಂದ ಕೆಲವರೂ ಹತ್ತಿರದವರೇ ಆಗಿದ್ದರು.

ಕಳೆದ ವರ್ಷ ಅಪ್ಪ ಮಗನಿಗೆ ಸೊಸೈಟಿಯ ಬೆಳೆ ಸಾಲದ ಬಗ್ಗೆ ವಾದ ಹತ್ತಿತು. ರಾಜ್ಯ ಸರ್ಕಾರದ ಶೂನ್ಯ ಬಡ್ಡಿ ಸಾಲ, 2023ರ ಬಜೆಟ್ಟಿನಲ್ಲಿ ಮಿತಿ 5 ಲಕ್ಷಕ್ಕೆ ಏರಿದ್ದು. ರೈತ ಬಡ್ಡಿ ಕಟ್ಟುವುದಿಲ್ಲ, ಅವನ ಪರವಾಗಿ ಸರ್ಕಾರ ಕಟ್ಟುತ್ತದೆ. ಒಬ್ಬ ಉಸ್ತಾದರು, ನೀವು ಕಟ್ಟೋದಿಲ್ಲ ಅಂದ ಮೇಲೆ ತೊಂದರೆ ಇಲ್ಲ ಅಂದರು. ಇನ್ನೊಬ್ಬರು, ವಾಯಿದೆ ತಪ್ಪಿದರೆ ಬಡ್ಡಿ ಕೊಡ್ತೀನಿ ಅನ್ನೋ ಕಾಗದಕ್ಕೆ ಸಹಿ ಹಾಕೋದೇ ತಪ್ಪು ಅಂದರು. ಮೂರನೆಯವರು, ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಅಂದರು. ಹಾಜಿಯವರು ಮೂರೂ ಕೇಳಿಸಿಕೊಂಡು, ನನ್ನ ಹತ್ತಿರ ಬಂದು ವಾಯಿದೆಯ ತಾರೀಕು ಯಾವುದು ಅಂತ ಮಾತ್ರ ಕೇಳಿದರು. ಸಾಲ ತಗೊಂಡರು. ಮಿಕ್ಕ ಸದಸ್ಯರು ಕೊನೇ ವಾರ ಸೊಸೈಟಿ ಮುಂದೆ ಕ್ಯೂ ನಿಲ್ಲುವಾಗ ಇವರದ್ದು ಒಂದು ತಿಂಗಳು ಮುಂಚೆಯೇ ಚುಕ್ತಾ ಆಗಿತ್ತು. ಅದಕ್ಕೆ ಮೆಣಸನ್ನು ಕಮ್ಮಿ ದರಕ್ಕೆ ಮಾರಬೇಕಾಯಿತು ಅಂತ ಮಗ ಈಗಲೂ ಲೆಕ್ಕ ಹೇಳುತ್ತಾನೆ. ಈ ವರ್ಷದ ಅರ್ಜಿಗೂ ಅಪ್ಪ ಸಹಿ ಹಾಕಿ ಕಳಿಸಿದ್ದಾರೆ.